ಪರೀಕ್ಷಿಸಲಾಗಿದೆ, ಶುದ್ದವಾಗಿದೆ

ಒಂದೇ ಪತ್ರ ತಲೆಯಲ್ಲೊಂದು ಮಾತು, ಕಾಲಲ್ಲೊಂದು ಮಾತು ಆಡಿದರೆ ಯಾವುದನ್ನು ನಂಬುವುದು? ಥೀಯಾ ಚರ್ಚಿನ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ಅದನ್ನೇ ಯೋಚಿಸುತ್ತಿದ್ದಳು. ಮೇಲೆ ಹಳದಿ ಪಟ್ಟಿ: ಲಗತ್ತಿನಲ್ಲಿ ಅಪಾಯ ಕಂಡುಬಂದಿದೆ, ಲಗತ್ತನ್ನು ತಡೆಹಿಡಿಯಲಾಗಿದೆ. ಕೆಳಗೆ, ಸಹಿಯ ಅಡಿಯಲ್ಲಿ: 'ಈ ಪತ್ರವನ್ನು ವೈರಸ್ಸಿಗಾಗಿ ಪರೀಕ್ಷಿಸಲಾಗಿದೆ, ಶುದ್ದವಾಗಿದೆ.'

ಪತ್ರ ಬಂದದ್ದು ಆರ್ಲಿಸ್ ತ್ವೇತ್‌ಳಿಂದ. ಆರ್ಲಿಸ್ ಈ ಚರ್ಚಿನ ಹಳೆಯ ಸದಸ್ಯೆ. ಹಿಮ ಬೀಳುವ ಮೊದಲೇ ಬೆಚ್ಚಗಿನ ಅರಿಜೋನಾಕ್ಕೆ ಹಾರಿ, ಹಿಮ ಕರಗಿ ಹೊಲ ಕಪ್ಪಾದ ಮೇಲೆ ಡಕೋಟಾಕ್ಕೆ ಮರಳುವವಳು. ಅವಳ ಅಕ್ಕ ಹಿಲ್ಮಾ ಭಾನುವಾರ ತೀರಿಕೊಂಡಿದ್ದಳು. ಶನಿವಾರ ಅಂತ್ಯಕ್ರಿಯೆ. ಅದರ ಕರಪತ್ರ ಅಚ್ಚು ಹಾಕುವ ಕೆಲಸ ಥೀಯಾಳದು. ಅಕ್ಕನ ಫೋಟೋ ಕಳಿಸಿರಬೇಕು ಎಂದುಕೊಂಡಿದ್ದಳು. ಆದರೆ ಪತ್ರದಲ್ಲಿ ಇದ್ದದ್ದು ಇಷ್ಟೇ: ಇದರೊಳಗೆ ಏನಿದೆ ಅಂತ ನೋಡಿ ಹೇಳು.

ಪದವಿ ಮುಗಿಸಿ ಬಂದು ಚರ್ಚಿನ ಕಚೇರಿಗೆ ಸೇರಿದಾಗಿನಿಂದ ಥೀಯಾಳಿಗೆ ಫೋನೆಂದರೆ ಅಳುಕು. ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡೇ ಅವಳು ನಂಬರು ಒತ್ತುವುದು. ಈ ಸಲ ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆದುಕೊಂಡಳು.

"ಆರ್ಲಿಸ್, ನಿಮ್ಮ ಕಂಪ್ಯೂಟರಲ್ಲಿ ಯಾವ ಆಂಟಿವೈರಸ್ ಇದೆ?"

"ಅದೆಲ್ಲ ನಂಗೇನ್ ಗೊತ್ತು ಮಗೂ. ಯಾಕೆ?"

"ಪರೀಕ್ಷೆ ಆಗಿದೆ, ಶುದ್ಧ ಅಂತ ಕೆಳಗೆ ಬಂದಿದೆಯಲ್ಲ."

"ಅದು ಬಂದಿದ್ದಲ್ಲ. ನಾನು ಬರ್ದಿದ್ದು."

ಥೀಯಾ ಚೀಟಿ ನೋಡಿದಳು. ಅದರಲ್ಲಿ ಮುಂದೇನೂ ಇರಲಿಲ್ಲ.

"ನೀನೇ ತಾನೆ ಚರ್ಚಿನ ಪತ್ರಿಕೇಲಿ ಹಾಕಿದ್ದು, ಆ ಸಾಲು ಇಲ್ದಿರೋ ಪತ್ರಾನ ತೆಗೀಬೇಡಿ ಅಂತ? ಹಾಗಂದ್ಮೇಲೆ ಹಾಕಿ ಕಳಿಸೋದು ಮರ್ಯಾದೆ ಅಲ್ವಾ. ನಾವೆಲ್ಲ ಹಾಕ್ತೀವಪ್ಪ. ಕ್ಲೇರಿಸ್ ಅಂತೂ ಹುಟ್ಟುಹಬ್ಬದ ಕಾರ್ಡಲ್ಲೂ ಪೆನ್ನಲ್ಲಿ ಬರ್ದಿದ್ಲು."

ಹಾಕಿದ್ದು ನಿಜ. ಹೋದ ವರ್ಷ ಯಾರೋ ಪಾದ್ರಿ ಲೋವೆಲ್ ಅವರ ಹೆಸರಲ್ಲಿ ಪತ್ರ ಬರೆದು, ಅದನ್ನು ತೆರೆದವರ ಕಂಪ್ಯೂಟರನ್ನೆಲ್ಲ ಕೆಡಿಸಿಟ್ಟಿದ್ದರು. ಆಮೇಲೆ ಪಾದ್ರಿಗಳು ಈ ನಿಯಮ ಮಾಡಿದರು, ಥೀಯಾ ಟೈಪು ಮಾಡಿದಳು. ಆ ಸಾಲನ್ನು ಯಂತ್ರ ಹಾಕುತ್ತದೆ ಎಂದು ಬರೆಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಊರೆಲ್ಲ ಒಳ್ಳೆಯ ಜನ. ಹೇಳಿದ್ದನ್ನು ಕೇಳುವ ಜನ. ಅವರು ಸಾಲು ಹಾಕತೊಡಗಿದರು. ಇಷ್ಟು ದಿನ ಥೀಯಾ ತಳದ ಸಾಲು ನೋಡಿ ನಿಶ್ಚಿಂತೆಯಿಂದ ತೆರೆದ ಪತ್ರಗಳು ಎಷ್ಟಿದ್ದವೋ.

"ಆರ್ಲಿಸ್, ಈ ಲಗತ್ತು ಎಲ್ಲಿಂದ ಬಂತು?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಹಿಲ್ಮಾ ಕಳಿಸಿದ್ದು. ಮೂರು ವಾರದ ಹಿಂದೆ. 'ಇದನ್ನ ನೋಡು' ಅಂತ ಅಷ್ಟೇ ಬರ್ದಿದ್ಲು. ನಾನು ತೆಗೀಲಿಲ್ಲ. ಅವಳು ಆ ಸಾಲು ಹಾಕಿರ್ಲಿಲ್ಲ."

ಅಕ್ಕತಂಗಿಯರ ಜಗಳ ಊರಿಗೇ ಗೊತ್ತಿದ್ದದ್ದು. ಅಮ್ಮ ಲೆಫ್ಸಾ ಎಂಬ ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದ ಹೆಂಚು ಯಾರಿಗೆ ಎಂದು ಶುರುವಾಗಿ, ಅಮ್ಮನನ್ನು ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎನ್ನುವಲ್ಲಿಗೆ ಹೋಗಿ, 'ನನ್ನ ಹೆಣದ ಮುಂದೆಯೂ ನಿಲ್ಲಬೇಡ' ಎಂಬಲ್ಲಿಗೆ ಮುಗಿದಿತ್ತು. ಅಂದಿದ್ದವಳು ಹಿಲ್ಮಾ. ಆಮೇಲೆ ಅವಳು ಚರ್ಚಿನ ಎಡಗಡೆ ಕೂತರೆ ಇವಳು ಬಲಗಡೆ. ಹೀಗೆ ಹನ್ನೊಂದು ವರ್ಷ.

"ಅವಳೇ ಬರ್ದಿದ್ರೆ ಬರ್ತೀನಿ ಕಣೆ. ಬರ್ದಿಲ್ದಿದ್ರೆ ಯಾವ ಮುಖ ಹೊತ್ಕೊಂಡು ಮುಂದಿನ ಬೆಂಚಲ್ಲಿ ಕೂರ್ಲಿ? ಸಂಜೆವರೆಗೆ ವಿಮಾನದವ್ರು ಸೀಟು ಹಿಡಿದಿಟ್ಟಿರ್ತಾರಂತೆ. ನೀನು ಓದಿದೋಳು. ನೋಡಿ ಹೇಳು."

ಫೋನಿಟ್ಟ ಮೇಲೆ ಥೀಯಾ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಳು. ಮೌಸಿನ ಮೇಲೆ ಕೈ ತಾನಾಗಿಯೇ ಹೋಗಿಬಿಟ್ಟೀತು ಎಂಬ ಭಯ. 'ತಡೆ ತೆಗೆಯಿರಿ' ಎಂಬ ಗುಂಡಿ ಅಲ್ಲೇ ಇತ್ತು. ಒತ್ತಿದರೆ ಒಳಗಿರುವುದು ಹೊರಗೆ ಬರುತ್ತದೆ: ಒಬ್ಬ ಮುದುಕಿ ಹನ್ನೊಂದು ವರ್ಷದ ಮೇಲೆ ತಂಗಿಗೆ ತೋರಿಸಬಯಸಿದ್ದು, ಇಲ್ಲವೇ ಚರ್ಚಿನ ಕಡತಗಳನ್ನೆಲ್ಲ ತಿಂದುಹಾಕುವಂಥದ್ದು. 'ಇದನ್ನ ನೋಡು' ಎಂದು ಕಳ್ಳ ಪತ್ರಗಳೂ ಬರೆಯುತ್ತವೆ. ಆದರೆ ಮಾತು ಬಿಟ್ಟ ಅಕ್ಕ ಮತ್ತೇನು ಬರೆದಾಳು? ಕ್ಷಮಿಸು ಎಂದು ಬರೆಯುವ ಹೆಂಗಸಲ್ಲ ಹಿಲ್ಮಾ. ಬರೆದಿದ್ದರೆ ಅಷ್ಟೇ ಬರೆದಿರುತ್ತಿದ್ದಳು.

ಯಂತ್ರವನ್ನು ನಂಬೋಣವೆಂದರೆ, ಅದು ಹೋದ ತಿಂಗಳು ಗಾಯನ ಮೇಳದ ಸ್ವರಲಿಪಿಯನ್ನು ಅಪಾಯವೆಂದು ತಡೆದಿತ್ತು. ಪಾದ್ರಿಗಳ ಹೆಸರಿನ ಕಳ್ಳ ಪತ್ರವನ್ನು ಹಸಿರು ಗುರುತು ಹಾಕಿ ಒಳಗೆ ಬಿಟ್ಟಿದ್ದೂ ಅದೇ. ತಳದ ಸಾಲನ್ನು ನಂಬುವಂತೆಯೇ ಇಲ್ಲ. ಆದರೂ 'ಶುದ್ದ' ಎಂಬ ಆ ತಪ್ಪು ಕಾಗುಣಿತ ನೋಡಿದಾಗ, ಇದು ಖಂಡಿತ ಆರ್ಲಿಸ್‌ಳ ಕೈಯೇ ಎಂದು ಮನಸ್ಸು ಹೇಳುತ್ತಿತ್ತು. ಸುಳ್ಳು ಸಾಲೇ ನಂಬಿಕೆ ಹುಟ್ಟಿಸುತ್ತಿದೆಯಲ್ಲ ಎಂದು ಅವಳಿಗೆ ತಲೆಬುಡ ತಿಳಿಯದಾಯಿತು.

ಪಾದ್ರಿಗಳು ಆಸ್ಪತ್ರೆಗಳ ಸುತ್ತಿನಲ್ಲಿದ್ದರು. ಅವಳು ಡ್ವೇನ್‌ಗೆ ಕರೆ ಮಾಡಿದಳು. ಡ್ವೇನ್ ಊರಿನಲ್ಲಿ ಮೊಳೆ, ಬಣ್ಣ, ಹಿಮ ಸರಿಸುವ ಸಲಿಕೆ ಮಾರುವವನು. ಊರಿನ ಕಂಪ್ಯೂಟರುಗಳ ವೈದ್ಯನೂ ಅವನೇ. ಬೂಟಿನ ಹಿಮ ಒದರುತ್ತ ಬಂದವನು ಮೊದಲು ಕಾಫಿ ಬಗ್ಗಿಸಿಕೊಂಡ.

"ಇದನ್ನ ಎಷ್ಟು ನಂಬಬೇಕು ಡ್ವೇನ್?" ಎಂದು ಥೀಯಾ ಹಳದಿ ಪಟ್ಟಿ ತೋರಿಸಿದಳು.

"ನಾಯಿ ಇದ್ದ ಹಾಗೆ ನೋಡು. ಗುರುತಿರೋ ಕಳ್ಳನ್ನ ಕಂಡ್ರೆ ಬೊಗಳುತ್ತೆ. ಹೊಸ ಕಳ್ಳ ಬಿಸ್ಕತ್ತು ಹಿಡ್ಕೊಂಡು ಬಂದ್ರೆ ಬಾಲ ಅಲ್ಲಾಡಿಸುತ್ತೆ. ಮಧ್ಯೆ ಮಧ್ಯೆ ಟಪಾಲಿನವನನ್ನ ಕಚ್ಚುತ್ತೆ."

"ಮತ್ತೆ ಯಾಕೆ ಸಾಕೋದು?"

"ಸಾಕದಿದ್ರೆ ಗುರುತಿರೋ ಕಳ್ಳರೂ ಬರ್ತಾರಲ್ಲ ತಾಯಿ. ಸರಿ, ಈಗ ಯಾರನ್ನ ಕಚ್ಚಿದೆ?"

ಥೀಯಾ ಹೇಳಿದಳು. ಹಿಲ್ಮಾಳ ಹೆಸರು ಬಂದ ಕೂಡಲೇ ಡ್ವೇನ್ ಕಪ್ಪನ್ನು ಕೆಳಗಿಟ್ಟ. ತಡೆಹಿಡಿದ ಪತ್ರಗಳ ಪಟ್ಟಿ ತೆರೆದು ಕೆಳಕ್ಕೆ ಸರಿಸುತ್ತ ಹೋದ. ಮೂರು ವಾರದ ಹಿಂದಿನ ತಾರೀಕಿನಲ್ಲಿ ನಿಂತ. ಅಲ್ಲಿತ್ತು: ಹಿಲ್ಮಾಳಿಂದ, ಚರ್ಚಿನ ವಿಳಾಸಕ್ಕೆ. ಇದನ್ನ ನೋಡು.

"ನಂಗೂ ಬಂದಿತ್ತು. ಹಲ್ಲಿನ ಡಾಕ್ಟರಿಗೂ ಬಂದಿತ್ತು, ಧಾನ್ಯದ ಕಣಜದವ್ರಿಗೂ ಬಂದಿತ್ತು. ಅವಳ ಕಂಪ್ಯೂಟರಿಗೆ ರೋಗ ತಗುಲಿ, ಅದರಲ್ಲಿದ್ದ ವಿಳಾಸಕ್ಕೆಲ್ಲ ತಾನೇ ಪತ್ರ ಹಾಕಿತ್ತು. ತೊಳೆದುಕೊಟ್ಟೋನು ನಾನೇ."

"ಹಾಗಾದ್ರೆ ಅವಳು ಬರೀಲಿಲ್ಲ."

"ಹೋಗಿದ್ದು ಅವಳಿಗೆ ಗೊತ್ತೂ ಇರ್ಲಿಲ್ಲ. ಈ ಸಲ ನಾಯಿ ಸರಿಯಾಗೇ ಬೊಗಳಿದೆ." ಅವನು ಕಾಫಿ ಮುಗಿಸಿ, ಟೊಪ್ಪಿಗೆ ಕಿವಿಯವರೆಗೆ ಎಳೆದುಕೊಂಡ. "ಯಾಕೆ ಹೀಗೆ ಮುಖ ಮಾಡಿದ್ದೀಯ? ಚರ್ಚು ಉಳೀತಲ್ಲ."

ಚರ್ಚು ಉಳಿದಿತ್ತು. ಯಂತ್ರ ಸುಳ್ಳಾಡಿದ್ದರೆ ಚೆನ್ನಾಗಿತ್ತು ಎಂದು ಥೀಯಾಳಿಗೆ ಅನ್ನಿಸಿದ್ದನ್ನು ಅವನಿಗೆ ಹೇಗೆ ಹೇಳುವುದು? ಒಂದು ಫೋಟೋ ಇತ್ತು, ನೀವಿಬ್ಬರೂ ಸಣ್ಣವರಿದ್ದಾಗಿನದು ಎಂದುಬಿಟ್ಟರೆ ಆರ್ಲಿಸ್ ವಿಮಾನ ಹತ್ತುತ್ತಾಳೆ. ಆದರೆ ಇಲ್ಲಿ ಇಳಿದ ಕೂಡಲೇ ತೋರಿಸು ಅನ್ನುತ್ತಾಳೆ. ತೋರಿಸುವುದು ಏನನ್ನು? ಥೀಯಾ ಚೀಟಿಯಲ್ಲಿ ಒಂದು ವಾಕ್ಯ ಬರೆದು ಹೊಡೆದುಹಾಕಿದಳು, ಇನ್ನೊಂದು ಬರೆದು ಅದನ್ನೂ ಹೊಡೆದಳು. ಕೊನೆಗೆ ಚೀಟಿಯಿಲ್ಲದೆ ನಂಬರು ಒತ್ತಿದಳು.

ಆರ್ಲಿಸ್ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ರೋಗ ಬರ್ದಿದ್ದು."

"ಹೂಂ."

"ತೆಗೀದೆ ಇದ್ದಿದ್ದು ಒಳ್ಳೇದೇ ಆಯ್ತು ಬಿಡು." ಹಿಂದೆ ಟೀವಿ ಓಡುತ್ತಿತ್ತು. "ಮೂರು ದಿನದಿಂದ ಇದೇ ಯೋಚನೆ ಕಣೆ. ತೆಗ್ದಿದ್ರೆ, ಉತ್ತರ ಬರ್ದಿದ್ರೆ ಅಂತ. ಈಗ ನೋಡಿದ್ರೆ ಉತ್ತರ ಬರ್ಯೋಕೆ ಅಲ್ಲಿ ಯಾರೂ ಇರ್ಲಿಲ್ಲ."

ಇದು ಹೊರೆ ಇಳಿದ ದನಿಯೋ ಹೊರೆ ಹೆಚ್ಚಿದ ದನಿಯೋ ಥೀಯಾಳಿಗೆ ತಿಳಿಯಲಿಲ್ಲ.

"ಒಂದು ಹೇಳು," ಎಂದಳು ಆರ್ಲಿಸ್. "ರೋಗಕ್ಕೆ ನನ್ನ ವಿಳಾಸ ಕೊಟ್ಟೋರು ಯಾರು? ಈ ವಿಳಾಸ ನಾನು ಹೋದ ಚಳಿಗಾಲ ಇಲ್ಲೇ ಮಾಡಿಸ್ಕೊಂಡಿದ್ದು."

ಕಂಪ್ಯೂಟರಿನಲ್ಲಿ ಇದ್ದ ವಿಳಾಸಕ್ಕೆ ಎಂದಿದ್ದ ಡ್ವೇನ್. ಹಾಗಾದರೆ ಹಿಲ್ಮಾಳ ಹತ್ತಿರ ಈ ವಿಳಾಸ ಇತ್ತು. ಥೀಯಾಳಿಗೆ ಆಸೆ ಚಿಗುರಿತು. ಚಿಗುರಿದ್ದು ಅಲ್ಲೇ ಬಾಡಿತು. ಚರ್ಚಿನ ಪತ್ರಿಕೆಯನ್ನು ಅವಳು ಎಲ್ಲರ ವಿಳಾಸ ಒಟ್ಟಿಗೇ ಕಾಣುವಂತೆ ಕಳಿಸುತ್ತಾಳೆ. ಯಂತ್ರಗಳು ಅದನ್ನು ತಾವಾಗಿಯೇ ಹೆಕ್ಕಿಟ್ಟುಕೊಳ್ಳುತ್ತವೆ. ಇದನ್ನು ಹೇಳದೆ ನುಂಗಿಬಿಡಬಹುದಿತ್ತು.

"ಚರ್ಚಿನ ಪತ್ರದಿಂದ ತಾನೇ ಸೇರ್ಕೊಂಡಿರಬಹುದು ಆರ್ಲಿಸ್," ಎಂದಳು. ಹೇಳಿದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

"ಓ. ಹಂಗೂ ಆಗುತ್ತಾ."

ಏನು ಮಾಡುವುದೆಂದು ತೋಚದೆ ಥೀಯಾ ಪರದೆಯ ಮೇಲಿನ ಪತ್ರವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದಳು. ಆರ್ಲಿಸ್ ಮುಂದಕ್ಕೆ ಕಳಿಸಿದ ಹಿಲ್ಮಾಳ ಮೂಲ ಪತ್ರ ಅದರ ಹೊಟ್ಟೆಯೊಳಗೆ ಇತ್ತು: ಇಂಥವರಿಂದ, ಇಂಥ ದಿನ, ಇಂಥವರಿಗೆ. ಇಂಥವರಿಗೆ ಎನ್ನುವಲ್ಲಿ 'ಆರ್ಲಿಸ್ ತ್ವೇತ್' ಎಂದು ಇರಲಿಲ್ಲ. ಚರ್ಚಿನ ಪಟ್ಟಿಯಲ್ಲಿ ಇರುವುದು ಅದೇ ಹೆಸರು. ಯಂತ್ರ ಹೆಕ್ಕಿದ್ದರೆ ಅದೇ ಬರಬೇಕಿತ್ತು.

"ಆರ್ಲಿಸ್, ಅವಳ ವಿಳಾಸಪುಸ್ತಕದಲ್ಲಿ ನಿಮ್ಮ ಹೆಸರು ಬೇರೆ ಥರ ಇದೆ."

"ಏನಂತ? ಬೈಗುಳಾನಾ?"

"'ಆರ್ಲಿಸ್ ಚಳಿಗಾಲ' ಅಂತ ಇದೆ."

"ಇನ್ನೊಂದ್ಸಲ ಓದು."

ಥೀಯಾ ಓದಿದಳು. "ಯಂತ್ರಕ್ಕೆ ನೀವು ಚಳಿಗಾಲಕ್ಕೆ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಿರಲ್ಲ. ಇದನ್ನ ಯಾರೋ ಕೂತು ಟೈಪು ಮಾಡಬೇಕು."

ಆ ಕಡೆ ಟೀವಿಯ ಸದ್ದು ಥಟ್ಟನೆ ನಿಂತಿತು.

"ಬೈಯೋಕೆ ಇಟ್ಕೊಂಡಿರ್ತಾಳೆ," ಎಂದಳು ಆರ್ಲಿಸ್. "ಬೇಸಿಗೇಲಿ ಎದುರಿಗೇ ಸಿಗ್ತೀನಲ್ಲ. ಚಳಿಗಾಲಕ್ಕೆ ಬೇಕಲ್ಲ ಒಂದು ವ್ಯವಸ್ಥೆ."

"ಇರಬಹುದು."

"ಇಲ್ಲಾ ಸತ್ರೆ ತಿಳಿಸೋಕೆ."

"ಅದೂ ಇರಬಹುದು."

"ನಾನೀಗ ಏನಂತ ತಿಳ್ಕೋಬೇಕು ಮಗೂ?"

"ನಂಗೊತ್ತಿಲ್ಲ ಆರ್ಲಿಸ್."

"ನಂಗೂ ಗೊತ್ತಾಗ್ತಿಲ್ಲ." ಮೂಗೊರೆಸಿಕೊಂಡ ಸದ್ದು ಕೇಳಿತು. "ಶನಿವಾರ ಮಣ್ಣಾದ ಮೇಲೆ ಚರ್ಚಿನ ಊಟದ ಮನೇಲಿ ಕಾಫಿಗೆ ಯಾರು ನಿಲ್ತಾರೆ?"

"ಕ್ಲೇರಿಸ್."

"ಅವಳ್ದು ಕಾಫಿಯಲ್ಲ, ಪಾತ್ರೆ ತೊಳೆದ ನೀರು. ಹಿಲ್ಮಾ ಸತ್ತಿದ್ದಾಳೆ ಅಂತ ಅಂಥದ್ದು ಕೊಡೋಕಾಗುತ್ತಾ. ನಾನು ಮಾಡ್ತೀನಿ ಅಂತ ಅವಳಿಗೆ ಹೇಳು. ನಾಳೆ ಫಾರ್ಗೋದಲ್ಲಿ ವಿಮಾನ ಇಳಿದ್ರೆ ಕರ್ಕೊಂಡು ಬರೋಕೆ ಯಾರಿದ್ದಾರೆ?"

ಹೆದ್ದಾರಿಯಲ್ಲಿ ಹಿಮ ಗಾಳಿಗೆ ಅಡ್ಡಡ್ಡ ಹರಿಯುವ ದಿನಗಳವು. ಥೀಯಾ ಅಷ್ಟು ದೂರ ಒಬ್ಬಳೇ ಕಾರು ಓಡಿಸಿದವಳಲ್ಲ.

"ನಾನೇ ಬರ್ತೀನಿ," ಎಂದಳು.

"ಬರುವಾಗ ನಿಮ್ಮಮ್ಮನ ದಪ್ಪ ಕೋಟು ಯಾವ್ದಾದ್ರೂ ಇದ್ರೆ ತಗೊಂಡ್ಬಾ. ನನ್ಹತ್ರ ಇಲ್ಲಿ ಬರೀ ತೋಳಿಲ್ದಿರೋ ಬಟ್ಟೆಗಳಿವೆ."