ಕೌದಿಯೊಳಗಿನ ಹಸಿರು ಪಟ್ಟೆ

ಇಳಕಲ್ಲಿನ ಆ ನೇಕಾರ ಓಣಿಗೆ ಕರೆಂಟು ಬಂದ ಮೇಲೂ, ದೀಪ ಹಚ್ಚುವ ಹೊತ್ತಿಗೆ ಮಗ್ಗಕ್ಕೆ ಹಳೆ ಸೀರೆ ಹೊದಿಸಿ ಏಳುತ್ತಿದ್ದದ್ದು ಗುರುಲಿಂಗವ್ವನ ಮನೆಯಲ್ಲಿ ಮಾತ್ರ. ಆಮೇಲೆ ರೊಟ್ಟಿ, ಪುಂಡಿಪಲ್ಯ. ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಅವಳ ಕಥೆ. ಹುನಗುಂದದಿಂದ ಸೊಸೆಯಾಗಿ ಬಂದ ಶೇಖವ್ವನಿಗೆ ಮೊದಮೊದಲು ಇದು ಚಂದವೇ ಇತ್ತು. ಆದರೆ ಎದುರುಮನೆಯ ದುರ್ಗವ್ವ ಬಲ್ಬಿನ ಬೆಳಕಿನಲ್ಲಿ ಮಗ್ಗ ನಡೆಸಿ, ಕನ್ನಡಿ ಕೂರಿಸಿದ ಸ್ಟೀಲಿನ ಕಪಾಟು ತಂದಳು. ಶೇಖವ್ವನನ್ನು ನೋಡಲು ಕರೆದು, "ನೀವೇನು ಕೋಳಿ ಜೋಡಿನ ಮಲಗ್ತೀರೇನ?" ಎಂದು ನಕ್ಕಳು.

ಅಂದಿನಿಂದ ಶೇಖವ್ವನ ಕಣ್ಣಿಗೆ ಕಪಾಟು ಕಟ್ಟಿತು. ಗಂಡ ಅಮೀನಪ್ಪನನ್ನು ಕಾಡಿ ಬೇಡಿ ಮಗ್ಗದ ಮೇಲೆ ಬಲ್ಬು ತೂಗಿಸಿದಳು. ಅತ್ತೆ ಬೇಡವೆನ್ನಲಿಲ್ಲ. ಕಥೆಯಲ್ಲಿ ಏಳು ಸಮುದ್ರದ ನಡುವೆ ದೋಣಿಯಲ್ಲಿದ್ದ ರಾಜಕುಮಾರಿಯನ್ನು ಅಲ್ಲೇ ಬಿಟ್ಟು, ಕೇಳುವವರಿಲ್ಲದೆ ಬೇಗ ಮಲಗತೊಡಗಿದಳು. ಮಾತಿನಮಲ್ಲ ಅಮೀನಪ್ಪ ಮೂಕನಾದ. ಗಂಡಹೆಂಡಿರ ನಡುವೆ ಲಾಳಿಯ ಸಪ್ಪಳವೊಂದೇ ಉಳಿಯಿತು.

ಒಂದು ಮುಂಜಾನೆ ಮಗ್ಗದ ಮುಸುಕು ತೆಗೆದ ಅಮೀನಪ್ಪ ತಲೆ ಹಿಡಿದು ಕೂತ. ಕಡುನೀಲಿ ಸೀರೆಯ ನಟ್ಟನಡುವೆ ಹಸಿರು ಪಟ್ಟೆ. ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು ಶೇಖವ್ವ. ಬಲ್ಬಿನ ಹಳದಿ ಬೆಳಕಿನಲ್ಲಿ ಕಡುಹಸಿರೂ ಕಡುನೀಲಿಯೂ ಒಂದೇ ಕಪ್ಪಾಗಿ ಕಂಡಿದ್ದವು. ಈ ಸೀರೆಯನ್ನು ಇನ್ನು ಯಾವ ಸಾವುಕಾರನೂ ಮುಟ್ಟುವಂತಿರಲಿಲ್ಲ.

ಗಂಡನ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ ಸೊಸೆಯ ಮುಂದೆ ಗುರುಲಿಂಗವ್ವ ತಾನು ಹೊದೆಯುವ ಕೌದಿಯನ್ನು ಹರವಿದಳು. ಅದರ ನಡುವೆಯೂ ಒಂದು ನೀಲಿ ತುಣುಕು, ಅದರೊಳಗೊಂದು ಹಸಿರು ಪಟ್ಟೆ.

"ಇದು ನಾ ಮಾಡಿದ ತಪ್ಪವ್ವಾ. ಬೆಳ್ಳಿ ಕಡಗ ಬೇಕಂತ ನಿನ್ನ ಮಾವನ್ನ ಕಂದೀಲ ಹಚ್ಚಿ ನೇಯಾಕ ಕುಂದ್ರಿಸಿದ್ದೆ. ಕಡಗ ಬಂತು, ಹೋತು. ಅವರ ಜೋಡಿ ಮಾತಾಡದ ಕಳದ ಸಂಜಿ ಹೊಳ್ಳಿ ಬರಲಿಲ್ಲ."

ಅಷ್ಟೇ ಅಂದು ಒಲೆ ಹಚ್ಚಲು ಹೋದಳು.

ಸಂಜೆ ಅಮೀನಪ್ಪ ಮತ್ತೆ ಬಲ್ಬು ಹಾಕಲು ಎದ್ದ. ಆದ ಹಾನಿ ತುಂಬಬೇಕಲ್ಲ ಎಂದ. ಕಪಾಟು ದೂರವಾಗುವುದೆಂದು ಗೊತ್ತಿದ್ದೂ ಶೇಖವ್ವ ಹಳೆ ಸೀರೆ ತಂದು ಮಗ್ಗಕ್ಕೆ ಹೊದಿಸಿದಳು. ಬಲ್ಬಿನ ವಯರನ್ನು ಪಡಸಾಲೆಗೆಳೆದು ಮೊಳೆಗೆ ತೂಗುಹಾಕಿ, ಅತ್ತೆಯ ಮುಂದೆ ಕೂತಳು.

"ಅತ್ತಿ, ಆ ಹುಡುಗಿ ಇನ್ನೂ ದೋಣ್ಯಾಗ ಕುಂತಾಳ್ರಿ. ದಂಡಿಗೆ ಹಚ್ಚರಿ."

ಅಮೀನಪ್ಪನೂ ಕೌದಿಯ ಅಂಚಿಗೆ ಬಂದು ಕೂತ. ಇಷ್ಟು ದಿನ ನೀರಲ್ಲಿದ್ದವಳು ರೊಟ್ಟಿಗೇನು ಮಾಡಿದಳೆಂದು ಕೇಳಿದ. ಎಷ್ಟೋ ದಿನದ ಮೇಲೆ ಅವನ ಚೇಷ್ಟೆ ಕೇಳಿ ಶೇಖವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಗುರುಲಿಂಗವ್ವ ಕಣ್ಣು ಕಿರಿದು ಮಾಡಿ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದಳು.

"ಕಥಿ ಕೇಳಾಕ ಕಿವಿ ಸಾಕು. ಅದನ್ನ ಆರಸವ್ವಾ, ಬಿಲ್ ಬರತೈತಿ."