ಇಪ್ಪತ್ತೈದನೆಯ ಕುರ್ಚಿ ಇಲ್ಲ

ನಾನು ದುಡಿಯುತ್ತಿದ್ದ, ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಮುಚ್ಚಿದಾಗ ನನಗೆ ನಲವತ್ತೇಳು. ನರ್ಸ್ ಆಗಲೇಬೇಕೆಂದು ಹಟ ಹಿಡಿದು, ಕಡಿಮೆ ಫೀಸಿಗೆ ಯಾರು ಬೇಕಾದರೂ ಕಲಿಯಬಹುದಾದ ನಮ್ಮೂರ ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಎಲ್ಲಾ ವಿಷಯ ಮುಗಿದು ಅಂಗರಚನೆಯ ತರಗತಿ ಒಂದೇ ಬಾಕಿ. ಈ ಬೇಸಿಗೆಯಲ್ಲಿ ಅದು ಸಿಗದಿದ್ದರೆ ನರ್ಸಿಂಗ್ ಅರ್ಜಿ ಇನ್ನೊಂದು ವರ್ಷ ಮುಂದಕ್ಕೆ. ಇರುವುದು ಇಪ್ಪತ್ನಾಲ್ಕು ಕುರ್ಚಿ. ಕಾಯುವ ಪಟ್ಟಿಯಲ್ಲಿ ನಾನು ಮೊದಲನೆಯವಳು.

ಮೊದಲ ದಿನ ಹಾಜರಿ ಕರೆದಾಗ ಯಾರು ಇಲ್ಲವೋ ಅವರ ಹೆಸರು ಹೊಡೆದುಹಾಕುತ್ತಾರೆ. ಆ ಜಾಗಕ್ಕೆ ಪಟ್ಟಿಯವರನ್ನು ಕರೆಯುತ್ತಾರೆ. ಹಿಂದಿನ ಗೋಡೆಗೆ ಒರಗಿ ನಾವು ಆರು ಜನ ನಿಂತಿದ್ದೆವು. ಹೆಸರು ಹಚ್ಚಿದವರಲ್ಲಿ ಒಬ್ಬ ಬಂದಿರಲಿಲ್ಲ. ಪ್ರಯೋಗಾಲಯದ ನಿಯಮ ಓದಿ ಆಮೇಲೆ ಕಾಯುವ ಪಟ್ಟಿ ಕರೆಯುತ್ತೇನೆ ಎಂದರು ಮೇಷ್ಟ್ರು ಒಕಾಂಪೊ.

ನನ್ನ ಮುಂದೆಯೇ ಕೂತಿದ್ದ ಬ್ರಿನ್ಲಿ ಎಂಬ ಹುಡುಗಿ ದೊಡ್ಡ ವಿಶ್ವವಿದ್ಯಾಲಯದವಳು, ರಜೆಗೆ ಮನೆಗೆ ಬಂದವಳು. ಅಲ್ಲಿ ಈ ವಿಷಯ ಕಷ್ಟ, ಇಲ್ಲಿ ಕಣ್ಣು ಮುಚ್ಚಿಕೊಂಡು ಪಾಸಾಗಿ ಅಂಕ ಅಲ್ಲಿಗೆ ಒಯ್ಯಬಹುದು ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಆಮೇಲೆ ಫೋನ್ ಹಿಡಿದು ಹೊರಗೆ ನಡೆದಳು.

ನನಗೆ ಮೈಯೆಲ್ಲ ಉರಿಯಿತು. ನಿಯಮ ಓದಲು ಹೊತ್ತಾಗುತ್ತದೆಂದು ಬೆನ್ನಟ್ಟಿ ಹೋದೆ.

"ಲೇ ಹುಡುಗಿ, ನಿನಗೆ ಇದು ರಜೆ ಕಳೆಯೋ ಜಾಗ. ನಮಗೆ ಹೊಟ್ಟೆಪಾಡು."

"ಆಂಟಿ, ನಾನೂ ಫೀಸು ಕಟ್ಟಿದೀನಿ. ಬೇಗ ಹೆಸರು ಹಚ್ಚಬೇಕಿತ್ತು ನೀವು."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳೂ ಬಿಡಲಿಲ್ಲ. ಒಳಗೆ ಬರುವಷ್ಟರಲ್ಲಿ ಖಾಲಿ ಕುರ್ಚಿಯಲ್ಲಿ ಪಟ್ಟಿಯ ಎರಡನೆಯವನು, ನಿವೃತ್ತ ಅಂಚೆಯವನು ಎಲ್ಡನ್, ಕೂತಿದ್ದ. ಮರದಲ್ಲಿ ಬೊಂಬೆ ಕೆತ್ತುವ ಮುದುಕ. ಮೈಕಟ್ಟು ತಿಳಿಯಲೆಂದು ಬಂದಿದ್ದನಂತೆ.

ಮೇಷ್ಟ್ರು ನಿಯಮ ಆಮೇಲಿಗಿಟ್ಟು ಪಟ್ಟಿಯನ್ನೇ ಮೊದಲು ಕರೆದಿದ್ದರು. ನಿಂತವರು ಸುಮ್ಮನೆ ಕಾಯುವುದು ಬೇಡ ಎಂದು. "ರೊಂಡಾ ಪ್ರೂಯಿಟ್ ಅಂತ ಎರಡು ಸಲ ಕರೆದೆ ಕಣಮ್ಮ. ಇಲ್ಲದವರಿಗೆ ಜಾಗ ಇಲ್ಲ."

ನಾನು ಎಲ್ಡನ್‌ನ ಮುಂದೆ ನಿಂತು ಕುರ್ಚಿ ಬಿಟ್ಟುಕೊಡು ಎಂದು ಕೇಳಿದೆ. ಬೇಡಿಕೊಳ್ಳಲಿಲ್ಲ, ಕೇಳಿದೆ.

ಅವನು ತಲೆ ಎತ್ತಲಿಲ್ಲ. "ನಾನು ಮೂರು ಸಲ ಪಟ್ಟೀಲಿ ನಿಂತು ವಾಪಸ್ ಹೋಗಿದೀನಿ. ನಂಗೆ ಎಪ್ಪತ್ತೊಂದು. ಮುಂದಿನ ವರ್ಷ ನೀನಿರ್ತೀಯ."

ಬೊಂಬೆಗೋಸ್ಕರವಾ ಎಂದೆ. ಹೌದು, ಬೊಂಬೆಗೋಸ್ಕರ ಎಂದ. ಅಷ್ಟರಲ್ಲಿ ಬ್ರಿನ್ಲಿ ಬಂದು ತನ್ನ ಜಾಗದಲ್ಲಿ ಕೂತು ಪೆನ್ನು ತೆಗೆದಳು.

ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿ ಎಂದರು ಮೇಷ್ಟ್ರು. ನಾನು ಹಾಕಲಿಲ್ಲ.