ಬಿರುಕಿನ ಮೇಲಿನ ಗಾಜು

ಗಾರೆಯಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನಗಳಲ್ಲಿ ಕಟ್ಟಡದ ಮಾಲೀಕರು ಮೂರನೇ ಮತ್ತು ನಾಲ್ಕನೇ ಅಂಗಡಿಗಳ ನಡುವಿನ ಗೋಡೆಯನ್ನು ಒಡೆಸಿ ಎರಡನ್ನೂ ಒಂದು ಮಾಡಿದರು. ಹನ್ನೆರಡನೆಯ ದಿನ ಅವಳ ಹೆಣ ಅದೇ ಕಟ್ಟಡದ ಜಗಲಿಗೆ ಬಂತು.

ಮಗಳು ಅಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಉಗುರಿನ ಸಂದಿಯ ಸಿಮೆಂಟು ಬಿಡುತ್ತಿರಲಿಲ್ಲ.

"ಬಿಡಮ್ಮ," ಎಂದರು ಐದನೇ ಅಂಗಡಿಯ ಟೈಲರ್. "ಮೂವತ್ತು ವರ್ಷದ್ದು ಇವತ್ತು ಹೋಗುತ್ತಾ?"

"ಸೋಪು ಹಾಕಿದ್ರೆ..."

"ಸೋಪು ಹಾಕಿದ್ರೆ ಅಕ್ಕ ಎದ್ದು ಕೂತು ಬೈತಾಳೆ ಅಷ್ಟೆ," ಎಂದ ವಾಚ್ ರಿಪೇರಿಯವನು. "ಹೊಳೆಯೋ ಕೈಗೆ ಯಾರು ಕೆಲಸ ಕೊಡ್ತಾರೆ ಅಂತಿದ್ದಳು."

ಜಗಲಿಯಲ್ಲಿದ್ದವರು ನಕ್ಕರು. ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಎಂಟು ಅಂಗಡಿಗಳು, ಮೇಲೊಂದು ಗೋದಾಮು. ಆ ಕಟ್ಟಡ ಏಳುವಾಗ ಅವಳು ತಲೆಯ ಮೇಲೆ ಗಾರೆ ಹೊತ್ತಿದ್ದಳು. ಎದ್ದು ನಿಂತ ಮೇಲೆ ಕಟ್ಟಡಕ್ಕೆ ಮಾಲೀಕರ ತಂದೆಯ ಹೆಸರು ಬಂತು. ಅವಳಿಗೆ ಮೆಟ್ಟಿಲ ಕೆಳಗಿನ ಕೋಣೆ ಬಂತು. ಅಲ್ಲಿಂದಾಚೆಗೆ ಸೋರಿದ್ದು, ಉದುರಿದ್ದು, ಉಬ್ಬಿದ್ದು ಎಲ್ಲವೂ ಅವಳದೇ.

"ನಾನು ಅಂಗಡಿ ನೋಡೋಕೆ ಬಂದ ದಿನ," ವಾಚಿನವನು ಮುಂದುವರಿಸಿದ, "ನೆಲದ ಟೈಲ್ಸ್ ನೋಡ್ತಾ ನಿಂತಿದ್ದೆ. ಹಿಂದಿನಿಂದ ಬಂದಳು. ನೆಲ ಏನು ನೋಡ್ತೀಯೋ, ಅದರ ಮೇಲೆ ನೀನು ನಿಂತ್ಕೋತೀಯ, ನಿನ್ನ ಮೇಲೆ ಏನು ನಿಂತಿದೆ ನೋಡು ಅಂದಳು. ಎಲ್ಲಿ ಹೊಸ ಬಣ್ಣ ಹೊಡೆದಿದ್ದಾರೋ ಅಲ್ಲಿ ಮೂಗಿಟ್ಟು ಮೂಸು ಅಂತ ಬೇರೆ. ಮೂಸಿದೆ. ತೇವ! ಮಾಲೀಕರು ಪಕ್ಕದಲ್ಲೇ ಇದ್ದರು."

"ನನಗೆ ಬೋರ್ಡು ತೂಗುಹಾಕೋಕೆ ಬಿಡಲಿಲ್ಲ," ಎಂದರು ಟೈಲರ್. "ಬಾಗಿಲ ಮೇಲಿನ ಸಜ್ಜಕ್ಕೆ ಮೊಳೆ ಹೊಡೆದ್ರೆ ನಿನ್ನ ಬೆರಳಿಗೇ ಹೊಡೀತೀನಿ ಅಂದಳು. ಮೊದಲು ತಾರಸಿ ನೀರು ಹೋಗೋ ದಾರಿ ಬಿಡಿಸು, ಆಮೇಲೆ ಬೋರ್ಡಿಗೆ ಲೈಟು ಹಾಕು. ಅದನ್ನೇ ಎಷ್ಟು ಸಲ..."

ಟೈಲರ್ ಆ ಬೈಗುಳ ಇನ್ನೊಂದು ಸಲ ಕೇಳಲು ಏನು ಬೇಕಾದರೂ ಕೊಟ್ಟಾರು ಎಂಬಂತೆ ಮೆಟ್ಟಿಲ ಕೆಳಗಿನ ಬಾಗಿಲ ಕಡೆ ನೋಡಿದರು.

*

ಒಂಬತ್ತು ವರ್ಷದ ಹಿಂದೆ ಟೈಲರ್ ಅಂಗಡಿಯ ಗೋಡೆಯಲ್ಲಿ ನೂಲಿನಷ್ಟು ತೆಳ್ಳಗೆ ಬಿರುಕು ಬಿಟ್ಟಿತ್ತು. ಗಿರಾಕಿಗಳು ಕೇಳುತ್ತಾರೆ, ಮುಚ್ಚಿಬಿಡು ಎಂದು ಅವರು ಗಂಟುಬಿದ್ದಿದ್ದರು.

"ಮುಚ್ಚೋದು ಅರ್ಧ ಗಂಟೆ ಕೆಲಸ," ಎಂದಿದ್ದಳು ಗಾರೆಯಮ್ಮ. "ಅದು ನಿಂತಿದೆಯೋ ಇನ್ನೂ ನಡೀತಿದೆಯೋ, ಮೊದಲು ಕೇಳೋಣ."

ಫೋಟೋ ಕಟ್ಟಿನ ಅಂಗಡಿಯವರು ಎಸೆದ ಗಾಜಿನ ಚೂರುಗಳನ್ನು ಅವಳು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಬೆರಳುದ್ದದ ಒಂದು ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಗಟ್ಟಿ ಗಾರೆ ಮೆತ್ತಿ, ಹಸಿ ಗಾರೆಯ ಮೇಲೆ ಮೊಳೆಯಿಂದ ತಾರೀಖು ಗೀರಿದಳು. ಗೋಡೆ ಒಂದು ಕೂದಲಷ್ಟು ಸರಿದರೂ ಗಾಜು ಒಡೆಯುತ್ತದೆ.

"ಒತ್ತಿ ಹಿಡ್ಕೋ," ಎಂದಳು ಮಗಳಿಗೆ. ಮಗಳಿಗೆ ಆಗ ಇಪ್ಪತ್ತು. "ನೂರು ಎಣಿಸು. ಗಾರೆ ಹಿಡಿಯೋ ಮುಂಚೆ ಬಿಟ್ರೆ ಜಾರುತ್ತೆ."

ಮಗಳ ಅಂಗೈ ಮೇಲೆ ತನ್ನ ಅಂಗೈ ಇಟ್ಟು ತಾನೂ ಒತ್ತಿದಳು. ಉಪ್ಪುಕಾಗದದಂಥ ಕೈ. ಮಗಳು ಅವಸರಕ್ಕೆ ಅರವತ್ತೊಂದಾದ ಮೇಲೆ ಎಪ್ಪತ್ತಕ್ಕೆ ಹಾರಿದಳು.

"ಅರವತ್ತೆರಡು ಎಲ್ಲೇ ಹೋಯ್ತು? ಬಸ್ ಹತ್ತಿತಾ?"

"ಸಾಕು ಬಿಡಮ್ಮ, ಕೈ ನೋಯುತ್ತೆ."

"ಮೊದಲಿಂದ ಎಣಿಸು."

ಮೈದಡವಿ ಮಾತಾಡುವ ಹೆಂಗಸಲ್ಲ ಅವಳು. ಕೆಲಸ ಕಲಿಸುವಾಗ ಮಾತ್ರ ಮಗಳನ್ನು ಮುಟ್ಟುತ್ತಿದ್ದಳು. ಅದು ಮಗಳಿಗೆ ಆಗ ಹೊಳೆದಿರಲಿಲ್ಲ. ಹೊಳೆದಿದ್ದರೆ ನಿಧಾನವಾಗಿ ಎಣಿಸುತ್ತಿದ್ದಳು.

*

ಆಸ್ಪತ್ರೆಯಲ್ಲಿ ಅಮ್ಮ ದಿನವೂ ಕೇಳುತ್ತಿದ್ದದ್ದು ಒಂದೇ.

"ಗಾಜು?"

"ಹಾಗೇ ಇದೆ."

ನಡುಗೋಡೆ ಬಿದ್ದ ಸುದ್ದಿಯನ್ನು ಮಗಳು ಹೇಳಿರಲಿಲ್ಲ. ಒಡೆಯುವಾಗ ಅಡ್ಡ ಹೋಗಿದ್ದಳು. ಮೇಲಿನ ಗೋದಾಮಿನ ಭಾರವೆಲ್ಲ ಈ ಗೋಡೆ ಮೇಲಿದೆ, ಅಮ್ಮ ಬರೋವರೆಗೆ ತಡೀರಿ ಎಂದಿದ್ದಳು. ಕಬ್ಬಿಣದ ತೊಲೆ ಕೊಟ್ಟಿದ್ದೇವೆ, ನಿನಗೇನು ಗೊತ್ತು ಎಂದಿದ್ದರು ಮಾಲೀಕರು. ಗೋಡೆ ಒಡೆದ ಮೂರನೇ ದಿನ, ಒಂಬತ್ತು ವರ್ಷ ಅಲುಗದಿದ್ದ ಟೈಲರ್ ಅಂಗಡಿಯ ಗಾಜು ಎರಡು ತುಂಡಾಯಿತು.

ಅಂದು ಸಂಜೆಯೂ ಅಮ್ಮ ಕೇಳಿದಳು.

"ಹಾಗೇ ಇದೆ," ಎಂದಳು ಮಗಳು.

"ಮುಟ್ಟಿ ನೋಡಿದ್ಯಾ?"

ನಿಜ ಹೇಳಿದರೆ ಅವಳು ಕೈಯ ಸೂಜಿ ಕಿತ್ತೆಸೆದು ಎದ್ದು ಬರುವವಳು.

"ಮುಟ್ಟಿ ನೋಡ್ದೆ."

ಅಮ್ಮ ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗಿದಳು.

*

ಮಾಲೀಕರು ಹಾರ ತಂದು ಹಾಕಿದರು. ಎರಡು ನಿಮಿಷ ಕೈ ಕಟ್ಟಿ ನಿಂತರು. ಆಮೇಲೆ ಮಗಳನ್ನು ಕಣ್ಣಲ್ಲೇ ಕರೆದು ಟೈಲರ್ ಅಂಗಡಿಯೊಳಕ್ಕೆ ಹೋದರು. ಟೈಲರ್ ಹಿಂಬಾಲಿಸಿದರು. ಒಳಗೆ ಬಕೆಟ್ಟಿನಲ್ಲಿ ಆಗಲೇ ಗಾರೆ ಕಲಸಿಟ್ಟಿತ್ತು.

"ಒಂದು ಮಾಡಿದ ದೊಡ್ಡ ಅಂಗಡಿ ಬಾಡಿಗೆಗೆ ಹಿಡಿಯೋರು ನಾಳೆ ಬೆಳಿಗ್ಗೆ ಕಟ್ಟಡ ಪೂರ್ತಿ ನೋಡ್ತಾರೆ," ಎಂದರು ಮಾಲೀಕರು. "ಹೆಣದ ಗಾಡಿ ಬರೋಕೆ ಇನ್ನೂ ಹೊತ್ತಿದೆ. ಈ ಬಿರುಕಿಗೊಂದು ಕೈ ಗಾರೆ ಎಳೆದುಬಿಡಮ್ಮ."

"ಇವತ್ತಾ ಸಾರ್?" ಎಂದರು ಟೈಲರ್. "ಹೊರಗೆ ಹೆಣ ಇದೆ."

"ಹೊರಗಿನವರನ್ನ ಕರೆದ್ರೆ ನೂರೆಂಟು ಪ್ರಶ್ನೆ ಕೇಳ್ತಾರೆ. ಇವಳು ಮನೆಯವಳು." ಮಗಳ ಕಡೆ ತಿರುಗಿ ದನಿ ಇಳಿಸಿದರು. "ಮೆಟ್ಟಿಲ ಕೆಳಗಿನ ಕೋಣೆ ನಿನಗೇ ಇರಲಿ ಅಂದ್ಕೊಂಡಿದ್ದೀನಿ. ಯೋಚನೆ ಮಾಡು."

ಗೋಡೆಯ ಮೇಲೆ ನಿಲುವುಗನ್ನಡಿ ತೂಗುತ್ತಿತ್ತು. ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಟೈಲರ್ ವಾರದ ಹಿಂದೆ ಬಿರುಕಿನ ಮೇಲೆ ಅದನ್ನು ಸರಿಸಿದ್ದರು. ಮಗಳು ಕನ್ನಡಿ ಇಳಿಸಿದಳು. ಒಡೆದ ಗಾಜಿನ ತುಂಡುಗಳ ನಡುವೆ ಕಿರುಬೆರಳ ಉಗುರು ತೂರುವಷ್ಟು ಸಂದು. ಅದರ ಕೆಳಗೆ ಸಾಲಾಗಿ ನಾಲ್ಕು ಹೊಲಿಗೆ ಮೆಷಿನ್ನು, ನಾಲ್ಕು ಸ್ಟೂಲು. ನಾಳೆ ಎಂಟು ಗಂಟೆಗೆ ನಾಲ್ವರು ಹೆಂಗಸರು ಅಲ್ಲಿ ಬಂದು ಕೂರುತ್ತಾರೆ.

ಅವಳು ಕೋಣೆಗೆ ಹೋಗಿ ಡಬ್ಬಿ ತಂದಳು. ಬಕೆಟ್ಟಿನಿಂದ ಗಾರೆ ತೆಗೆದಳು.

"ಹಾಂ, ಜಾಣೆ," ಎಂದರು ಮಾಲೀಕರು.

ಒಡೆದ ಗಾಜಿನ ಕೆಳಗೆ, ಬಿರುಕಿನ ಆಚೆಗೊಂದು ಈಚೆಗೊಂದು ಮುದ್ದೆ ಮೆತ್ತಿದಳು. ಹೊಸ ಪಟ್ಟಿ ಅಡ್ಡ ಇಟ್ಟಳು. ಮೊಳೆಯಿಂದ ಅಮ್ಮ ಸತ್ತ ತಾರೀಖು ಗೀರಿ, ಅಂಗೈಯಿಂದ ಒತ್ತಿ ಹಿಡಿದಳು.

"ಏನಿದು?"

"ಗಾಜು."

"ಮುಚ್ಚು ಅಂದ್ರೆ ಗಾಜು ಅಂಟಿಸ್ತೀಯಾ? ನಾಳೆ ಬಂದೋರು ಇದೇನು ಅಂತ ಕೇಳಲ್ವಾ?"

"ಕೇಳಲಿ. ಹಳೇದು ಒಡೆದಾಗ ಅಮ್ಮನಿಗೆ ಹಾಗೇ ಇದೆ ಅಂದಿದ್ದೆ. ಟೈಲರ್ ಮಾವ, ಗೋಡೆ ನಡೀತಿದೆ, ಮೆಷಿನ್ ಹೊರಗೆ ಹಾಕಿ. ವಾಚಿನಣ್ಣನಿಗೂ ಹೇಳಿ."

ಟೈಲರ್ ಮಾಲೀಕರ ಮುಖ ನೋಡಿದರು, ಬಿರುಕು ನೋಡಿದರು. ಬಗ್ಗಿ ಮೊದಲನೇ ಮೆಷಿನ್ನಿನ ವೈರು ಕಿತ್ತರು.

"ಸಂಜೆಯೊಳಗೆ ಕೋಣೆ ಖಾಲಿಯಾಗಬೇಕು," ಎಂದರು ಮಾಲೀಕರು.

ಅವಳು ತುಟಿ ಅಲುಗಿಸುತ್ತಾ ಎಣಿಸುತ್ತಿದ್ದಳು. ಕೈಯ ಹಿಂಬದಿ ಬರಿದಾಗಿತ್ತು; ಅದರ ಮೇಲೆ ಇನ್ನೊಂದು ಕೈಯ ಒರಟು ಇರಲಿಲ್ಲ. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಯಾರೋ ಅವಳನ್ನು ಕೂಗಿದರು.

"ಹೆತ್ತ ತಾಯಿನ ಕಾಯಿಸ್ತೀಯಾ? ಕೈ ತೆಗಿ," ಎಂದರು ಮಾಲೀಕರು.

"ಅರವತ್ತೊಂದು," ಎಂದಳು ಅವಳು, ಈಗ ಗಟ್ಟಿಯಾಗಿ. "ಅರವತ್ತೆರಡು."

"ತೆಗಿ ಅಂದೆ!"

"ತೆಗೆಯಲ್ಲ."